ಎ ಅಂದರೆ ಎಡ

ಮೂರನೆಯ ಸಲ ನೀರು ಬಿಡುತ್ತಿದ್ದಾಗ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಎಡ ಅಂಗೈಯ ಮೇಲೆ ಲಿಂಗ, ಬಲಗೈಯಲ್ಲಿ ಪುಟ್ಟ ತಾಮ್ರದ ಗಿಂಡಿ. ಮಂಜುಳ ತಲೆ ಎತ್ತಲಿಲ್ಲ. ಗಂಡನ ಆ ಕೆಮ್ಮು ಶೀತದ್ದಲ್ಲ, ಏನೋ ಹೇಳುವುದಕ್ಕಿದೆ ಎನ್ನುವ ಕೆಮ್ಮು ಎಂದು ಇಪ್ಪತ್ತೇಳು ವರ್ಷದಲ್ಲಿ ಅವಳಿಗೆ ಗೊತ್ತಾಗಿತ್ತು.

ಪೂಜೆಗೆ ಕುಳಿತರೆ ಲಿಂಗ ಮತ್ತೆ ಕರಡಿಗೆಯೊಳಗೆ ಹೋಗುವ ತನಕ ಅವಳು ಮಾತಾಡುವುದಿಲ್ಲ. ಅದು ಅವಳ ಅಜ್ಜಿಯಿಂದ ಬಂದ ಪದ್ಧತಿ. ಮದುವೆಯಾದ ಮೊದಲ ತಿಂಗಳಲ್ಲೇ ಸದಾಶಿವಯ್ಯ ಈ ಕಾಲು ಗಂಟೆಯ ಅನುಕೂಲ ಕಂಡುಕೊಂಡಿದ್ದರು. ಹೇಳಲು ಕಷ್ಟವಾದದ್ದನ್ನೆಲ್ಲ ಈ ಹೊತ್ತಿನಲ್ಲೇ ಹೇಳುತ್ತಿದ್ದರು. ವಿಮಾನ ಹಾರಿಸುವುದನ್ನು ಕಲಿಸುವ ಕೆಲಸಕ್ಕೆ ಹೊತ್ತಿಗೆ ಮೊದಲೇ ರಾಜೀನಾಮೆ ಕೊಟ್ಟದ್ದು, ವಿಜಯನಗರದ ಈ ಸೈಟಿನಲ್ಲಿ ಮನೆಗಿಂತ ಮುಂಚೆ ಶೆಡ್ಡು ಕಟ್ಟಿಸಿದ್ದು, ಕೊನೆಗೆ ತೊಂಬತ್ತಾರರಲ್ಲಿ ಆ ಶೆಡ್ಡಿನೊಳಗೆ ಇಬ್ಬರು ಕೂರುವ ಒಂದು ವಿಮಾನವನ್ನು ಕೈಯಾರೆ ಕಟ್ಟಲು ಹೊರಟದ್ದು, ಎಲ್ಲ ಸುದ್ದಿಯೂ ಅವಳ ಕಿವಿಗೆ ಬಿದ್ದದ್ದು ಅಂಗೈಯಲ್ಲಿ ಲಿಂಗವಿದ್ದಾಗ. ಪೂಜೆ ಮುಗಿಯುವಷ್ಟರಲ್ಲಿ ಅವಳ ಕೋಪ ಅರ್ಧ ಇಳಿದಿರುತ್ತಿತ್ತು. ಉಳಿದ ಅರ್ಧಕ್ಕೆ ಅವರು ಕಾಫಿ ಬೆರೆಸಿ ಇಟ್ಟಿರುತ್ತಿದ್ದರು.

"ಮಂಜು, ಆಟೋಪೈಲಟ್ಟಿಗೆ ಹೊಸ ಪೆಟ್ಟಿಗೆ ಬರ್ತಾ ಇದೆ ಕಣೇ," ಎಂದರು ಸದಾಶಿವಯ್ಯ, ಬಾಗಿಲ ಚೌಕಟ್ಟಿಗೆ ಹೇಳುವವರ ಹಾಗೆ. "ಹಳೇದು ರೆಕ್ಕೆ ಸಮ ಇಟ್ಕೊಳ್ತದೆ, ಅಷ್ಟೇ. ಇದು ಎತ್ತರ ಕಾಯ್ತದೆ, ದಿಕ್ಕು ಕಾಯ್ತದೆ, ತಿರುಗು ಅಂದ್ರೆ ತಿರುಗ್ತದೆ. ಒಂದ್ಸಲ ಮೇಲೆ ಹೋದ್ಮೇಲೆ ಇನ್ನು ಯಾರ ಕೈಯೂ ಬೇಡ." ಸ್ವಲ್ಪ ತಡೆದರು. "ವೈರಿಂಗು ಮಾತ್ರ ಎಲ್ಲಾ ಹೊಸದಾಗಿ ಆಗ್ಬೇಕು."

ಚಪ್ಪಲಿಯ ಸದ್ದು ಅಡುಗೆ ಮನೆಯ ಕಡೆ ಹೋಯಿತು.

ಮಂಜುಳ ಲಿಂಗವನ್ನು ಒರೆಸಿ, ವಿಭೂತಿ ಹಚ್ಚಿ, ಒಂದು ಎಸಳು ಬಿಲ್ವಪತ್ರೆ ಇಟ್ಟು, ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ತಂದಳು. ಇನ್ನು ಐದು ನಿಮಿಷ ದೃಷ್ಟಿ ಕದಲಬಾರದು, ಕೈಯೂ ಕದಲಬಾರದು. ಆದರೆ ಆ ಹೊತ್ತು ಅವಳ ಮನಸ್ಸು ಒಂದು ಮಾತನ್ನೇ ಹಿಡಿದುಕೊಂಡಿತ್ತು. ಯಾರ ಕೈಯೂ ಬೇಡ.

ವಿಮಾನ ಹಾರತೊಡಗಿ ಮೂರು ವರ್ಷವಾಗಿತ್ತು. ಅದರ ಮೈಯೊಳಗಿನ ಒಂದೊಂದು ತಂತಿಯೂ ಮಂಜುಳಳ ಕೈಯಲ್ಲಿ ಹಾದುಹೋದದ್ದು. ಮದುವೆಗೆ ಮುಂಚೆಯಿಂದ ಮಗಳು ಲಾಸ್ಯ ಹುಟ್ಟುವವರೆಗೆ ಅವಳು ಟೆಲಿಫೋನು ಉಪಕರಣ ಮಾಡುವ ಕಾರ್ಖಾನೆಯೊಂದರ ವೈರಿಂಗ್ ವಿಭಾಗದಲ್ಲಿದ್ದಳು. ನೂರಾರು ತಂತಿಯನ್ನು ಜಡೆಯ ಹಾಗೆ ಒಂದುಗೂಡಿಸಿ, ಮೇಣದ ದಾರದಿಂದ ಗಂಟು ಹಾಕಿ, ಎಲ್ಲಿ ಬೇಕೋ ಅಲ್ಲಿ ಒಂದೊಂದನ್ನೇ ಹೊರಗೆ ಬಿಡುವ ಕೆಲಸ. ಸದಾಶಿವಯ್ಯನವರಿಗೆ ಆಕಾಶ ಗೊತ್ತಿತ್ತು, ತಂತಿ ಗೊತ್ತಿರಲಿಲ್ಲ. ರೆಕ್ಕೆಯ ತಗಡು ಬಡಿದು ರಿವಿಟ್ ಹೊಡೆದವರು ಚಿಕ್ಕಮಾದಯ್ಯ, ಅಶೋಕಪುರಂನ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಮೂವರೂ ಸೇರಿ ಆರು ವರ್ಷ ಕಟ್ಟಿದ ವಿಮಾನ ಈಗ ಮಂಡಕಳ್ಳಿಯ ಬಯಲಿನಂಚಿನಲ್ಲಿ ಒಂದು ಜಿಂಕ್ ಶೀಟಿನ ಮಾಡಿನ ಕೆಳಗೆ ನಿಲ್ಲುತ್ತಿತ್ತು.

ಮಂಜುಳ ಅದರಲ್ಲಿ ಹತ್ತೊಂಬತ್ತು ಸಲ ಹಾರಿದ್ದಳು. ಪ್ರತಿ ಸಲವೂ ಬಲಗಡೆಯ ಸೀಟಿನಲ್ಲಿ, ಮಡಿಲ ಮೇಲೆ ತಿಂಡಿಯ ಚೀಲ ಇಟ್ಟುಕೊಂಡು.

ವಿಮಾನದಲ್ಲಿ ಎರಡೂ ಸೀಟಿಗೆ ಒಂದೊಂದು ಸ್ಟಿಕ್ಕು ಇತ್ತು. ಮಂಡಿಗಳ ನಡುವೆ ನಿಲ್ಲುವ ಮೊಳದುದ್ದದ ಕೋಲು. ಅದನ್ನು ವಾಲಿಸಿದತ್ತ ವಿಮಾನ ವಾಲುತ್ತದೆ. ಅವಳು ಮೊದಲ ಸಲ ಹತ್ತಿದ ದಿನ ಬಲಗಡೆಯ ಸ್ಟಿಕ್ಕಿಗೆ ಸೀರೆಯ ನೆರಿಗೆ ಸಿಕ್ಕಿಕೊಂಡಿತು. ಸದಾಶಿವಯ್ಯ ಪಿನ್ನು ಎಳೆದು ಸ್ಟಿಕ್ಕನ್ನು ಕಿತ್ತು, "ನಿನಗ್ಯಾಕೆ ಇದರ ರಗಳೆ, ಆರಾಮಾಗಿ ಕೂತ್ಕೊ," ಎಂದು ಅವಳ ಕೈಗೇ ಕೊಟ್ಟರು. ಪ್ರೀತಿಯಿಂದಲೇ ಹೇಳಿದ್ದರು. ಅವಳಿಗೂ ಆಗ ಬೇಸರವೇನೂ ಆಗಿರಲಿಲ್ಲ. ಆ ಸ್ಟಿಕ್ಕು ಮನೆಗೆ ಬಂದು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ದಾರದುಂಡೆಗಳ ಜೊತೆ ಸೇರಿತು.

ಬೇಸರ ಆಮೇಲೆ ನಿಧಾನವಾಗಿ ಬಂತು. ಮೊದಲ ಐದಾರು ಸಲ ಅವಳು ಕೆಳಗೆ ನೋಡಿದಳು. ಚಾಮುಂಡಿ ಬೆಟ್ಟ, ಕುಕ್ಕರಹಳ್ಳಿ ಕೆರೆ, ನಂಜನಗೂಡಿನ ಕಡೆ ಹರಿಯುವ ಕಪಿಲೆ. "ಕಂಡ್ತಾ?" ಎಂದು ಅವರು ಕೇಳುತ್ತಿದ್ದರು. "ಕಂಡ್ತು," ಎನ್ನುತ್ತಿದ್ದಳು. ಏಳನೆಯ ಸಲವೋ ಎಂಟನೆಯ ಸಲವೋ ಅವಳ ಕಣ್ಣು ಕೆಳಗಿನಿಂದ ಎದ್ದು ಗಂಡನ ಎಡಗೈಯ ಮೇಲೆ ಕೂತಿತು. ಕೈ ಒಂದಿಷ್ಟು ಸರಿಯುವುದು, ಇಡೀ ಭೂಮಿ ಒಂದು ಪಕ್ಕ ಎದ್ದು ನಿಲ್ಲುವುದು. ಆ ಕೈಗೆ ಏನು ತಿಳಿಯುತ್ತದೆ? ತಂತಿಯೆಲ್ಲ ತನ್ನದು, ಹರಿಯುವುದೆಲ್ಲ ತನ್ನ ಜಡೆಯೊಳಗಿಂದ. ಆದರೂ ಆ ಕೈಗೆ ತಿಳಿಯುವುದು ತನಗೆ ತಿಳಿಯದು. ಒಂದು ಸಲ, ಒಂದೇ ಒಂದು ಸಲ ಅದನ್ನು ಹಿಡಿದು ನೋಡಬೇಕು ಎನ್ನುವುದು ಅವಳೊಳಗೆ ಕೂತುಬಿಟ್ಟಿತ್ತು. ಕೇಳಿದರೆ ಅವರು ಬೇಡ ಎನ್ನುತ್ತಿರಲಿಲ್ಲ. ನಗುತ್ತಿದ್ದರು, ಆಮೇಲೆ "ಮುಂದಿನ ಸಲ ನೋಡೋಣ" ಎನ್ನುತ್ತಿದ್ದರು. ಆ ನಗೆಯ ಭಯಕ್ಕೇ ಅವಳು ಕೇಳಿರಲಿಲ್ಲ. ಈಗ ಯಾರ ಕೈಯೂ ಬೇಡದ ಪೆಟ್ಟಿಗೆ ಬರುತ್ತಿತ್ತು.

ಪೆಟ್ಟಿಗೆ ಬಂದದ್ದು ಗೋಕುಲಂನಿಂದ. ಲಾಸ್ಯ ಅಲ್ಲಿ ಯೋಗ ಕಲಿಯಲು ಬರುವ ಹೊರದೇಶದವರಿಗೆ ಕನ್ನಡ ಹೇಳಿಕೊಡುತ್ತಿದ್ದಳು. ಅವಳ ಶಿಷ್ಯನೊಬ್ಬ ಅಮೆರಿಕದಿಂದ ಮರಳುವಾಗ ಯೋಗದ ಚಾಪೆಯೊಳಗೆ ಸುತ್ತಿ ತಂದಿದ್ದ. ಮನೆಯವರೆಗೂ ಬಂದು, "ಅಮ್ಮಾ, ಪೆಟ್ಟಿಗೆ ಭಾರ ಉಂಟು, ಹಗೂರ," ಎಂದು ಎಲ್ಲಿಯದೋ ಕನ್ನಡದಲ್ಲಿ ಹೇಳಿ, ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ಹೋದ. ಬಿಚ್ಚಿದರೆ ಒಳಗೆ ಊಟದ ಡಬ್ಬಿಯಷ್ಟು ದೊಡ್ಡ ಒಂದು ಯಂತ್ರ, ಅದರ ಮುಖಕ್ಕೆ ಪುಟ್ಟ ಪರದೆ, ಸ್ಟಿಕ್ಕನ್ನು ತಳ್ಳುವ ಎರಡು ಮೋಟಾರು, ಒಂದು ದಪ್ಪ ಕೈಪಿಡಿ. ಸದಾಶಿವಯ್ಯ ಯಂತ್ರವನ್ನು ಎತ್ತಿಕೊಂಡರು, ಕೈಪಿಡಿಯನ್ನು ಹೆಂಡತಿಯ ಕಡೆ ಸರಿಸಿದರು. ಅವರ ಮನೆಯಲ್ಲಿ ಯಾವತ್ತೂ ಹಾಗೆಯೇ.

ಅವಳು ಅದನ್ನು ಮಧ್ಯಾಹ್ನದ ಹೊತ್ತು ಹಿತ್ತಲಿನ ಕಲ್ಲಿನ ಮೇಲೆ ಕೂತು ಓದಿದಳು. ಇಂಗ್ಲಿಷು ಅವಳಿಗೆ ನಿಧಾನ, ಆದರೆ ಬಿಡುವವಳಲ್ಲ. ಮೊದಲ ಅರ್ಧ ಆಟೋಪೈಲಟ್ಟಿನದು. ಅದು ತಾನೇ ಮೋಟಾರಿಗೆ ಹೇಳುತ್ತದೆ, ಮೋಟಾರು ಸ್ಟಿಕ್ಕನ್ನು ತಳ್ಳುತ್ತದೆ. ಉಳಿದರ್ಧಕ್ಕೆ ಬಂದಾಗ ಅವಳು ಕೂತಲ್ಲೇ ನೆಟ್ಟಗಾದಳು. ಈ ಪೆಟ್ಟಿಗೆಯಲ್ಲಿ ಫ್ಲೈಟ್ ಡೈರೆಕ್ಟರ್ ಎಂಬ ಇನ್ನೊಂದು ಇತ್ತು. ಅದು ಏನನ್ನೂ ತಳ್ಳುವುದಿಲ್ಲ. ಪರದೆಯ ನಡುವೆ ಒಂದು ವಿಮಾನದ ಗುರುತು, ಅದರ ಮೇಲೆ ಎರಡು ಹಳದಿ ಗೆರೆ, ಒಂದು ಉದ್ದ, ಒಂದು ಅಡ್ಡ. ಉದ್ದ ಗೆರೆ ಎಡಕ್ಕೆ ಸರಿದರೆ ನೀನೂ ಎಡಕ್ಕೆ ವಾಲು. ಅಡ್ಡ ಗೆರೆ ಮೇಲೆ ಹೋದರೆ ಮೂತಿ ಎತ್ತು. ಎರಡೂ ಬಂದು ನಡುವೆ ಕೂಡಿದರೆ, ಸರಿ, ಹಾಗೆಯೇ ಇರು. ತೋರಿಸುವುದಷ್ಟೇ ಅದರ ಕೆಲಸ. ಹಾರಿಸುವುದು ಹಾರಿಸುವವರ ಕೈಯೇ.

ಅವಳಿಗೆ ಅಜ್ಜಿಯ ಬೆರಳು ನೆನಪಾಯಿತು. ಒಂಬತ್ತು ವರ್ಷದವಳಿದ್ದಾಗ ಅಜ್ಜಿ ಎದುರಿಗೆ ಮಣೆ ಹಾಕಿಕೊಂಡು ಕೂತು ಲಿಂಗಪೂಜೆ ಕಲಿಸಿದ್ದರು. ಒಂದು ದಿನವೂ ಇವಳ ಕೈ ಮುಟ್ಟಲಿಲ್ಲ. ಪೂಜೆಯ ಹೊತ್ತು ಮಾತಿಲ್ಲವಲ್ಲ. ಇವಳ ಅಂಗೈ ತಗ್ಗಿದರೆ ಅಜ್ಜಿಯ ತೋರುಬೆರಳು ಮೇಲೆ ಏಳುತ್ತಿತ್ತು, ಬಲಕ್ಕೆ ಜಾರಿದರೆ ಬೆರಳು ಎಡಕ್ಕೆ. ಸರಿಯಾದಾಗ ಬೆರಳು ಮಡಿಚಿ ಮಡಿಲಿಗೆ ಹೋಗುತ್ತಿತ್ತು. ಒಂದು ವರ್ಷ ಕಳೆಯುವಷ್ಟರಲ್ಲಿ ಅಜ್ಜಿಯ ಬೆರಳು ಮಡಿಲಿನಿಂದ ಏಳುವುದೇ ನಿಂತಿತ್ತು.

ಊಟಕ್ಕೆ ಕೂತಾಗ, ಆ ಡೈರೆಕ್ಟರನ್ನೂ ಜೋಡಿಸಬೇಕಲ್ಲವಾ ಎಂದು ಅವಳು ಕೇಳಿದಳು. ಅದರ ಜೊತೆಗೇ ಬರುತ್ತದೆ, ಬಿಟ್ಟರೂ ನಷ್ಟವಿಲ್ಲ, ನಮಗೆ ಅದರ ಅಗತ್ಯವಿಲ್ಲ ಎಂದರು ಅವರು. ಅವಳು ಮಜ್ಜಿಗೆ ಬಡಿಸಿದಳು. ಜೋಡಿಸುವವಳು ತಾನೇ ಆದ್ದರಿಂದ ಮಾತು ಬೆಳೆಸುವ ಅಗತ್ಯ ಅವಳಿಗೂ ಕಾಣಲಿಲ್ಲ.

ಮೂರು ದಿನ ಊಟದ ಮೇಜಿನ ಮೇಲೆ ಹಲಗೆ, ಹಲಗೆಯ ಮೇಲೆ ಮೊಳೆ, ಮೊಳೆಗಳ ನಡುವೆ ತಂತಿ. ಊಟ ನೆಲಕ್ಕೆ ಇಳಿಯಿತು. ಕಾರ್ಖಾನೆಯಲ್ಲಿ ಕಲಿತ ಹಾಗೆ ಪ್ರತಿ ತಂತಿಯ ತುದಿಗೂ ಬಿಳಿ ಚೀಟಿ ಸುತ್ತಿ ಹೆಸರು ಬರೆದಳು. ಮೂತಿ ಏಳಿಸುವ ಮೋಟಾರಿನ ತಂತಿಗಳಿಗೆ ಮೇಲೆ, ಕೆಳಗೆ ಎಂದು "ಮೇ", "ಕೆ". ರೆಕ್ಕೆ ವಾಲಿಸುವ ಮೋಟಾರಿನ ತಂತಿಗಳಿಗೆ ಎಡ, ಬಲ ಎಂದು "ಎ", "ಬ". ಚೀಟಿ ಚಿಕ್ಕದು, ಒಂದಕ್ಷರಕ್ಕಷ್ಟೇ ಜಾಗ.

ಜೋಡಿಸುವ ದಿನ ಅವಳಿಗೆ ಹಲ್ಲುನೋವು, ದವಡೆ ಊದಿತ್ತು. ಗಂಡಸರಿಬ್ಬರೇ ಮಂಡಕಳ್ಳಿಗೆ ಹೋದರು. ಮಧ್ಯಾಹ್ನ ಸದಾಶಿವಯ್ಯನವರ ಫೋನು ಬಂತು. "ಮೇ" ಅಂದರೆ ಏನು, ಮೇ ತಿಂಗಳಾ, ಆಡು ಕೂಗೋದಾ ಎಂದು ಕೇಳಿದರು. ಅವಳು ದವಡೆ ಹಿಡಿದುಕೊಂಡೇ ಹೇಳಿದಳು. "ಎ" ಬಗ್ಗೆ ಅವರು ಕೇಳಲಿಲ್ಲ.

ಮರುದಿನ ಮೂವರೂ ಮಾಡಿನ ಕೆಳಗೆ ಸೇರಿದರು. ನೆಲದ ಮೇಲೆಯೇ ಪರೀಕ್ಷೆ. ಸದಾಶಿವಯ್ಯ ಒಳಗೆ ಕೂತು ಪೆಟ್ಟಿಗೆಗೆ ಈ ದಿಕ್ಕು ಬಿಡಬೇಡ ಎಂದು ಗುಂಡಿ ಒತ್ತಿ ಹೇಳುವುದು. ಚಿಕ್ಕಮಾದಯ್ಯ ಬಾಲವನ್ನು ಎತ್ತಿ ಹಿಡಿದು ವಿಮಾನದ ಮೂತಿಯನ್ನು ಎಡಕ್ಕೆ ತಿರುಗಿಸುವುದು. ಪೆಟ್ಟಿಗೆಗೆ ಬುದ್ಧಿ ಇದ್ದರೆ ಸ್ಟಿಕ್ಕು ತಾನಾಗಿ ಬಲಕ್ಕೆ ಸರಿಯಬೇಕು.

ಬಾಲ ಸರಿಯಿತು. ಮೋಟಾರು ಗುಂಯ್ ಎಂದಿತು. ಸ್ಟಿಕ್ಕು ಗಂಭೀರವಾಗಿ ಎಡಕ್ಕೆ ಹೋಗಿ ಸದಾಶಿವಯ್ಯನವರ ಮಂಡಿಗೆ ತಾಗಿ ನಿಂತಿತು.

ಇನ್ನೊಮ್ಮೆ ಮಾಡಿದರು. ಮತ್ತೆ ಮಂಡಿಗೆ. ಬಲಕ್ಕೆ ತಿರುಗಿಸಿದರೆ ಬಲ ಮಂಡಿಗೆ.

"ಸಾರ್, ಇದು ದಾರಿ ತಪ್ಪಿದ್ರೆ ಇನ್ನೂ ತಪ್ಪು ಅಂತದಲ್ಲ," ಎಂದರು ಚಿಕ್ಕಮಾದಯ್ಯ, ಬಾಲದ ಕಡೆಯಿಂದ. "ನಮ್ ಷೆಡ್ಡಲ್ಲೂ ಇಂಗೇ ಒಬ್ಬ ಆಫೀಸರಿದ್ದ."

ಸದಾಶಿವಯ್ಯನವರಿಗೆ ನಗು ಬರಲಿಲ್ಲ. ಪೆಟ್ಟಿಗೆಯೇ ಕೆಟ್ಟಿದೆ, ಏಳು ಸಮುದ್ರ ದಾಟಿಸಿ ಕೆಟ್ಟದ್ದನ್ನೇ ಕಳಿಸಿದ್ದಾರೆ, ಇವತ್ತೇ ಕಾಗದ ಬರೆಯುತ್ತೇನೆ ಎಂದು ಇಳಿದು ಬಂದರು. ಕಾಗದದ ಮೊದಲ ಎರಡು ವಾಕ್ಯ ಅಲ್ಲೇ ಇಂಗ್ಲಿಷಿನಲ್ಲಿ ಹೇಳಿಯೂ ಬಿಟ್ಟರು. ಅಷ್ಟರಲ್ಲಿ ಮಂಜುಳ ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀಟಿನ ಕೆಳಗೆ ತಲೆ ತೂರಿಸಿದ್ದಳು. ಟಾರ್ಚಿನ ಬೆಳಕಿನಲ್ಲಿ ಅವಳದೇ ಬಿಳಿ ಚೀಟಿಗಳು ಸಾಲಾಗಿ ಕಂಡವು.

"ರೀ, ಈ ಎ ಅನ್ನೋ ತಂತೀನ ಎಲ್ಲಿಗೆ ಕೊಟ್ರಿ?" ಎಂದು ಒಳಗಿನಿಂದಲೇ ಕೇಳಿದಳು.

"ಎ ಅನ್ನೋ ಕಡೆಗೇ ಕೊಟ್ಟೆ. ಮೋಟಾರಿನ ಮೇಲೆ ಎ, ಬಿ ಅಂತ ಬರೆದಿಲ್ವಾ? ಎ ಎ‌ಗೆ, ಬಿ ಬಿಗೆ. ಅಷ್ಟೂ ಗೊತ್ತಾಗಲ್ವೇನೇ ನಂಗೆ?"

ಅವಳ ಬೆನ್ನು ಅಲುಗತೊಡಗಿತು. ಅಳುತ್ತಿದ್ದಾಳೋ ಎಂದು ಸದಾಶಿವಯ್ಯ ಗಾಬರಿಯಾಗಿ ಬಗ್ಗಿದರು. ಅವಳು ನಗುತ್ತಿದ್ದಳು. ಊದಿದ ದವಡೆ ನೋಯುತ್ತಿತ್ತು, ಆದರೂ ನಗು ನಿಲ್ಲುತ್ತಿರಲಿಲ್ಲ.

"ಎ ಅಂದ್ರೆ ಎಡ ಕಣ್ರೀ. ಇಂಗ್ಲಿಷ್ ಎ ಅಲ್ಲ, ನಮ್ಮ ಎ. ಇಂಗ್ಲಿಷ್ ಎ‌ಗೆ ಕೊಟ್ರೆ ಅದು ಬಲಕ್ಕೆ ಹೋಗೋ ತಂತಿ ಅಂತ ಪುಸ್ತಕದಲ್ಲಿ ಬರೆದಿದೆ. ಬ ಅಂತ ಬರೆದಿದ್ದೀನಲ್ಲ, ಬಿ ಅಂತ ಬರೆದಿದ್ದೀನಾ?"

"ಗುಡಿಸು ಮರ್ತಿದ್ದೀಯ ಅಂದ್ಕೊಂಡೆ," ಎಂದರು ಸದಾಶಿವಯ್ಯ.

ಚಿಕ್ಕಮಾದಯ್ಯ ಬಾಲವನ್ನು ನಿಧಾನವಾಗಿ ಕೆಳಗಿಟ್ಟು ಅದರ ಪಕ್ಕದಲ್ಲೇ ನೆಲಕ್ಕೆ ಕೂತುಬಿಟ್ಟರು. "ತಂಗ್ಯವ್ವ," ಎಂದರು, ಕಣ್ಣು ಒರೆಸಿಕೊಳ್ಳುತ್ತ. "ಅಮೆರಿಕದೋರ್ಗೆ ಒಂದ್ ಕಾಗ್ದ ಬರೀಬೇಕು ಬುಡು. ನಿಮ್ ಪೆಟ್ಗೆ ಚೆನ್ನಾಗದೆ, ನಮ್ ಸಾಹೇಬ್ರು ಕಾಗುಣಿತ ಕಲೀತಾವ್ರೆ ಅಂತ."

ಆಗ ಸದಾಶಿವಯ್ಯನವರಿಗೂ ನಗು ತಡೆಯಲಾಗಲಿಲ್ಲ. ಮಂಜುಳಳಿಗೆ ಎರಡು ತಂತಿ ಅದಲು ಬದಲು ಮಾಡಲು ಐದು ನಿಮಿಷ ಹಿಡಿಯಿತು. ಈ ಸಲ ಬಾಲ ಸರಿದಾಗ ಸ್ಟಿಕ್ಕು ಬಲಕ್ಕೆ ಹೋಯಿತು. ಚಿಕ್ಕಮಾದಯ್ಯ ಮನೆಯಿಂದ ತಂದಿದ್ದ ಕಡಲೆಕಾಯಿ ಬಿಚ್ಚಿದರು.

ಭಾನುವಾರ ಬೆಳಿಗ್ಗೆ ಗಾಳಿ ಇರಲಿಲ್ಲ. ಎಂಟು ಗಂಟೆಗೆ ಗಂಡ ಹೆಂಡತಿ ಇಬ್ಬರೂ ಮೇಲೇರಿದರು. ಬೆಟ್ಟ ಹಿಂದೆ ಉಳಿಯಿತು. ಮೂರು ಸಾವಿರ ಅಡಿಯಲ್ಲಿ ಸದಾಶಿವಯ್ಯ ಗುಂಡಿ ಒತ್ತಿದರು. ಪೆಟ್ಟಿಗೆಯ ಮೇಲೆ ಒಂದು ಹಸಿರು ದೀಪ ಹತ್ತಿತು. ಅವರು ಎರಡೂ ಕೈ ಮೇಲೆತ್ತಿ ಅವಳಿಗೆ ತೋರಿಸಿದರು. ಸ್ಟಿಕ್ಕು ಅವರ ಮಂಡಿಗಳ ನಡುವೆ ತಾನಾಗಿ ಸಣ್ಣಗೆ ಮಿಸುಕುತ್ತಿತ್ತು. ವಿಮಾನ ಹಳಿಯ ಮೇಲೆ ಇದ್ದ ಹಾಗೆ ನಂಜನಗೂಡಿನ ಕಡೆ ಹೋಗುತ್ತಿತ್ತು.

"ಡಬ್ಬಿ ಕೊಡು," ಎಂದರು. ಇದಕ್ಕಾಗಿಯೇ ಅವರು ಆರು ತಿಂಗಳು ಕಾದಿದ್ದರು. ಆಕಾಶದಲ್ಲಿ ಎರಡೂ ಕೈಯಿಂದ ಕೋಡುಬಳೆ ಮುರಿದು ತಿನ್ನುವುದು. ತಿಂದರು. ಮುಖ ಮಗುವಿನದಾಗಿತ್ತು. ಅವಳಿಗೆ ಅವರನ್ನು ನೋಡಿ ಸಂತೋಷವಾಯಿತು, ಒಳಗೆ ಎಲ್ಲೋ ಒಂದು ಕಡೆ ಬಾಗಿಲು ಮುಚ್ಚಿದ ಹಾಗೂ ಆಯಿತು. ನಿಜವಾಗಿಯೂ ಯಾರ ಕೈಯೂ ಬೇಕಿರಲಿಲ್ಲ.

ಎರಡನೆಯ ಕೋಡುಬಳೆಯಾದ ಮೇಲೆ ಅವರಿಗೆ ಉದಾರ ಬುದ್ಧಿ ಬಂತು. ನಿನ್ನ ಡೈರೆಕ್ಟರನ್ನೂ ನೋಡೋಣ ಎಂದು ಆಟೋಪೈಲಟ್ಟನ್ನು ಆರಿಸಿ ಸ್ಟಿಕ್ಕು ಹಿಡಿದರು. ಹಸಿರು ದೀಪ ಹೋಯಿತು, ಹಳದಿ ಗೆರೆಗಳು ಉಳಿದವು. ಮೂವತ್ತೈದು ವರ್ಷ ಹೊರಗೆ ನೋಡಿ ಹಾರಿಸಿದ ಕೈ ಅದು. ಗೆರೆ ಸ್ವಲ್ಪ ಸರಿದರೆ ಅವರು ಜಾಸ್ತಿ ಸರಿಯುತ್ತಿದ್ದರು, ಗೆರೆ ಮರಳಿದರೆ ಅವರು ದಾಟಿ ಹೋಗಿರುತ್ತಿದ್ದರು. ವಿಮಾನ ತೊಟ್ಟಿಲಾಯಿತು.

"ಇದು ಹೆಂಡ್ತಿ ಇದ್ದಂಗೆ ಕಣೇ. ಮಾಡೋಕ್ ಮುಂಚೇನೂ ಹೇಳ್ತದೆ, ಮಾಡಿದ್ಮೇಲೂ ಹೇಳ್ತದೆ."

"ಕೇಳೋ ಗಂಡ ಸಿಕ್ಕಿದ್ರೆ ಸುಮ್ನಾಗ್ತಿತ್ತೇನೋ," ಎಂದಳು ಮಂಜುಳ.

ಅವರು ಜೋರಾಗಿ ನಕ್ಕರು. ನಕ್ಕ ರಭಸಕ್ಕೆ ತೊಡೆಯ ಮೇಲಿದ್ದ ಡಬ್ಬಿ ವಾಲಿ, ಅದರ ಸ್ಟೀಲಿನ ಮುಚ್ಚಳ ಉರುಳಿ, ಠಣಠಣ ಸದ್ದು ಮಾಡುತ್ತ ಅವರ ಕಾಲಿನ ಕೆಳಗೆ ಹೋಯಿತು. ಸದಾಶಿವಯ್ಯನವರ ನಗು ನಿಂತಿತು. ಕಾಲಿನಿಂದ ಒತ್ತುವ ಪೆಡಲುಗಳು ಅಲ್ಲೇ ಇದ್ದವು. ಪೆಡಲಿನ ಹಿಂದೆ ಮುಚ್ಚಳ ಸಿಕ್ಕಿಕೊಂಡರೆ ಇಳಿಯುವಾಗ ಕಾಲು ಆಡುವುದಿಲ್ಲ. ಅವರು ಆಟೋಪೈಲಟ್ಟಿನ ಗುಂಡಿಯನ್ನು ಟಕ್ಕನೆ ಒತ್ತಿ, ಭುಜದ ಪಟ್ಟಿ ಸಡಿಲಿಸಿ, ಒಂದು ಪಕ್ಕಕ್ಕೆ ಪೂರ್ತಿ ಬಗ್ಗಿ ಕೆಳಗೆ ಕೈ ಹಾಕಿದರು.

ಹಸಿರು ದೀಪ ಹತ್ತಿರಲಿಲ್ಲ.

ಮಂಜುಳಳಿಗೆ ಕೈಪಿಡಿಯ ಆ ಪುಟ ಕಣ್ಣಿಗೆ ಕಟ್ಟಿದ ಹಾಗೆ ಬಂತು. ಗುಂಡಿಯನ್ನು ಮೂರು ಎಣಿಸುವವರೆಗೆ ಒತ್ತಿ ಹಿಡಿಯಬೇಕು. ಅವರು ಮನೆಯ ಕಾಲಿಂಗ್ ಬೆಲ್ ಒತ್ತಿದ ಹಾಗೆ ಒತ್ತಿದ್ದರು. ಸ್ಟಿಕ್ಕು ಯಾರ ಹಿಡಿತವೂ ಇಲ್ಲದೆ ನಿಂತಿತ್ತು. ಉದ್ದ ಗೆರೆ ನಿಧಾನವಾಗಿ ಬಲಕ್ಕೆ ಸರಿಯತೊಡಗಿತು. ಎಡ ರೆಕ್ಕೆ ತಗ್ಗುತ್ತಿತ್ತು.

ರೀ ಎನ್ನಲು ಬಾಯಿ ತೆರೆದಳು. ಎಡಗೈ ಅಷ್ಟರಲ್ಲಿ ಹೋಗಿತ್ತು. ಬಲಗಡೆ ಕೂತವಳಿಗೆ ಗಂಡನ ಸ್ಟಿಕ್ಕಿಗೆ ಹತ್ತಿರವಾದದ್ದು ಎಡಗೈಯೇ. ಮೂರು ಬೆರಳು ಮತ್ತು ಹೆಬ್ಬೆರಳು ಸ್ಟಿಕ್ಕಿನ ತಲೆಯನ್ನು ಹಿಡಿದವು, ಲಿಂಗದ ಕೆಳಗೆ ಹಿಡಿಯುವಷ್ಟೇ ಹಗುರವಾಗಿ. ಬಲಕ್ಕೆ, ಒಂದು ಕೂದಲೆಳೆ. ಗೆರೆ ನಿಂತಿತು. ಇನ್ನೊಂದು ಕೂದಲೆಳೆ. ಗೆರೆ ಮರಳಿ ಬಂತು, ನಡುವೆ ಕೂಡಿತು. ಅಜ್ಜಿ ಬೆರಳು ಮಡಿಚಿಕೊಂಡರು.

ಸ್ಟಿಕ್ಕು ಜೀವಂತವಾಗಿತ್ತು. ಅದನ್ನು ಅವಳು ಎಣಿಸಿಯೇ ಇರಲಿಲ್ಲ. ಎಂಜಿನ್ನಿನ ಸಣ್ಣ ನಡುಕ, ರೆಕ್ಕೆಯ ಕೆಳಗೆ ಗಾಳಿ ಒಂದಿಷ್ಟು ಗಟ್ಟಿಯಾಗುವುದು, ಮತ್ತೆ ಮೆತ್ತಗಾಗುವುದು, ಎಲ್ಲವೂ ಬೆರಳಿನ ತುದಿಗೆ ಬಂದು ಹೇಳಿ ಹೋಗುತ್ತಿತ್ತು. ಕರಿ ಬಂಡೆಯ ಬಯಲೊಂದನ್ನು ದಾಟುವಾಗ ಬಿಸಿಗಾಳಿ ಕೆಳಗಿನಿಂದ ಎತ್ತಿತು, ಅಡ್ಡ ಗೆರೆ ಇಳಿಯಿತು. ಅವಳು ಮೂತಿಯನ್ನು ಇಳಿಸಿದಳು. ಇಳಿಸಬೇಕು ಎಂದು ಯೋಚಿಸುವ ಮುಂಚೆಯೇ ಇಳಿಸಿದ್ದಳು. ಇದಾ ಆ ಕೈಗೆ ಗೊತ್ತಿದ್ದದ್ದು, ಎಂದುಕೊಂಡಳು. ಇಷ್ಟು ದಿನ ಇದನ್ನು ಒಬ್ಬರೇ ಇಟ್ಟುಕೊಂಡಿದ್ದರಲ್ಲ.

"ಸಿಕ್ತು," ಎಂದಿತು ಕೆಳಗಿನಿಂದ ಧ್ವನಿ. "ಇಲ್ಲ, ಜಾರ್ತು. ಏನು ಜಿಡ್ಡು ಮಾರಾಯ್ತಿ ಇದು, ಎಣ್ಣೆ ಕಮ್ಮಿ ಹಾಕೋಕಾಗಲ್ವಾ?"

ಅಂಗೈ ಮಟ್ಟವಾಗಿದ್ದಾಗ ಮಾತಾಡುವ ಅಭ್ಯಾಸ ಅವಳಿಗಿರಲಿಲ್ಲ. ಮುಖದ ತುಂಬ ನಗು ಹರಡಿತ್ತು, ಊದಿದ್ದ ದವಡೆಯ ಕಡೆಗೂ. ಕೆಳಗೆ ಕಪಿಲೆ ಬೆಳಗಿನ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಅದನ್ನು ನೋಡಲು ಅವಳಿಗೆ ಪುರುಸೊತ್ತಿರಲಿಲ್ಲ.

ಎರಡು ನಿಮಿಷವೋ ಮೂರೋ. "ಬಂತು," ಎಂದು ಕೊನೆಗೆ ಕೇಳಿಸಿತು. ಮುಚ್ಚಳ ತಗಡಿಗೆ ತಾಗಿದ ಸದ್ದೂ ಬಂತು. ಅವಳು ಬಲಗೈ ಚಾಚಿ ಗುಂಡಿಯನ್ನು ಒತ್ತಿ ಹಿಡಿದಳು. ಒಂದು, ಎರಡು, ಮೂರು. ಹಸಿರು ದೀಪ. ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಿಲಿಗೆ ತಂದುಕೊಂಡಳು.

ಸದಾಶಿವಯ್ಯ ಕೆಂಪು ಮುಖ ಹೊತ್ತು ಮೇಲೆದ್ದರು. ಪರದೆ ನೋಡಿದರು. ಗೆರೆಗಳು ನಡುವೆ, ಎತ್ತರ ಇದ್ದಲ್ಲೇ, ದಿಕ್ಕು ಇದ್ದಲ್ಲೇ.

"ನೋಡಿದ್ಯಾ? ಅಲ್ಲಾಡ್ಲಿಲ್ಲ. ಏನು ಹಿಡ್ಕೊಂಡಿದೆ ಅಂತೀಯಾ."

"ಹೂಂ. ಚೆನ್ನಾಗೇ ಹಿಡ್ಕೊಂಡಿತ್ತು," ಎಂದಳು.

ಇಳಿದ ಮೇಲೆ ಅವರು ಇದನ್ನೇ ಚಿಕ್ಕಮಾದಯ್ಯನವರಿಗೆ ಮೂರು ಸಲ ಹೇಳಿದರು. ತಾನು ತಲೆ ಕೆಳಗಾಗಿದ್ದೆ, ಮೂರು ನಿಮಿಷ, ಒಂದು ಗೆರೆಯೂ ಕದಲಲಿಲ್ಲ. ಹೊಸಬರಿಗೆ ಕಲಿಸುವಾಗ ಆರು ತಿಂಗಳಾದರೂ ಅಷ್ಟು ಹಗುರವಾದ ಕೈ ಬರುವುದಿಲ್ಲ, ಕೆಲವರಿಗೆ ಎಂದೂ ಬರುವುದಿಲ್ಲ, ಪೆಟ್ಟಿಗೆಗೆ ಮೊದಲ ದಿನವೇ ಬಂದಿದೆ ಎಂದರು. ಮಂಜುಳ ಡಬ್ಬಿಯ ಮುಚ್ಚಳ ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಎಷ್ಟೋ ಜನರಿಗೆ ಹಾರಿಸಲು ಕಲಿಸಿದ ಮೇಷ್ಟರು ಬಾಯಿ ತುಂಬ ಹೊಗಳುತ್ತಿದ್ದರು, ಯಾರನ್ನು ಎಂದು ತಿಳಿಯದೆ. ಅದರ ರುಚಿಯೇ ಬೇರೆಯಾಗಿತ್ತು. ಅವಳು ಇನ್ನೊಂದು ಸಲ ಹೇಳಲಿ ಎಂದು ಕಾದಳು. ಹೇಳಿದರು.

"ಪೆಟ್ಗೆ ಕೈ ಅಗುರ ಅಂದ್ರೆ, ಪೆಟ್ಗೆಗೆ ಕೈ ಎಲ್ಲದೆ ಸಾರ್?" ಎಂದರು ಚಿಕ್ಕಮಾದಯ್ಯ. ಸದಾಶಿವಯ್ಯ ಅದನ್ನು ತಮಾಷೆ ಎಂದುಕೊಂಡರು. ತಮಾಷೆಯೇ ಇದ್ದಿರಬೇಕು.

ಬುಧವಾರ ಬೆಳಿಗ್ಗೆ, ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಿದ್ದಾಗ, ಬಾಗಿಲಲ್ಲಿ ಕೆಮ್ಮು ಕೇಳಿಸಿತು.

"ಮಂಜು, ಆ ಹಳದಿ ಗೆರೆ ತೆಗೆಸ್ಬಿಡೋಣ ಅಂತಿದೀನಿ," ಎಂದರು ಸದಾಶಿವಯ್ಯ. "ಪರದೆ ಮೇಲೆ ಸುಮ್ನೆ ಅಡ್ಡ ಬರ್ತದೆ. ಆಟೋಪೈಲಟ್ಟೇ ಅಷ್ಟು ಚೆನ್ನಾಗಿರುವಾಗ ಅದು ಯಾರಿಗ್ ಬೇಕು ಹೇಳು."

ಹೇಳು ಎಂದು ಹೇಳಿ, ಅವಳು ಹೇಳಲಾರಳು ಎಂದು ಗೊತ್ತಿದ್ದೇ ಕಾಫಿ ಬೆರೆಸಲು ಹೋದರು.

ಮಂಜುಳ ದೃಷ್ಟಿ ತೆಗೆಯಲಿಲ್ಲ. ಕೋಪ ಬರಬಹುದು ಎಂದು ಕಾದಳು, ಬರಲಿಲ್ಲ. ಎದೆಯಲ್ಲಿ ಭಾನುವಾರದ ಆ ನಡುಕ ಇನ್ನೂ ಸಣ್ಣಗೆ ಇತ್ತು. ಅಂಗೈ ಮಾತ್ರ ಕಲ್ಲಿನ ಮೇಲೆ ಇಟ್ಟ ಹಾಗೆ ನಿಂತಿತ್ತು. ಮದುವೆಯಾದ ಹೊಸದರಲ್ಲಿ ಅವರು ಹೇಳಿದ್ದ ಒಂದು ಮಾತು ಈಗ ಯಾಕೋ ನೆನಪಾಯಿತು. ಕಲಿಯುವವರು ಎಡಗಡೆ ಕೂರುತ್ತಾರೆ, ಸ್ಟಿಕ್ಕು ಅವರ ಎಡಗೈಗೆ. ಕಲಿಸುವವರು ಬಲಗಡೆ. ಕಲಿಸುವವರಿಗೂ ಒಂದು ಸ್ಟಿಕ್ಕು ಇರಲೇಬೇಕು.

ಹೊಲಿಗೆ ಯಂತ್ರದ ಡ್ರಾಯರು ಅವಳು ಕೂತಲ್ಲಿಗೆ ಕಾಣುತ್ತಿತ್ತು. ಲಾಸ್ಯ ಬಿಟ್ಟುಹೋದ ಒಂದು ನೀಲಿ ಚೂಡಿದಾರ ಬೀರುವಿನ ಮೇಲಿನ ಅರೆಯಲ್ಲಿತ್ತು, ಸೊಂಟದ ಹತ್ತಿರ ಎರಡಂಗುಲ ಬಿಚ್ಚಿದರೆ ಸಾಕು. ಶನಿವಾರ ಎಂಜಿನ್ನಿನ ತಂತಿ ನೋಡಿ ಬರುತ್ತೇನೆಂದು ಮಂಡಕಳ್ಳಿಗೆ ಹೋದರೆ ಯಾರೂ ಏನೂ ಕೇಳುವುದಿಲ್ಲ. ಒಂದು ಪಿನ್ನು ತೂರಿಸುವ ಕೆಲಸ. ಭಾನುವಾರ ಅವರು ಚಿಕ್ಕಮಾದಯ್ಯನವರ ಜೊತೆ ಪೆಟ್ರೋಲು ತುಂಬಿಸುತ್ತ ಹಿಂದೆ ಉಳಿಯುತ್ತಾರೆ, ಅಷ್ಟರಲ್ಲಿ ಎಡಗಡೆಯ ಬಾಗಿಲಿನಿಂದ ಹತ್ತಿ ಕೂತು ಪಟ್ಟಿ ಬಿಗಿದುಕೊಂಡಿರಬೇಕು. ನಗುವುದಿದ್ದರೆ ನಗಲಿ. ನಕ್ಕು ಮುಗಿಸಿ ಬಲಗಡೆ ಹತ್ತಲಿ.

ಅವಳು ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು, ಬಟ್ಟೆಯಲ್ಲಿ ಸುತ್ತಿ, ಕರಡಿಗೆಗೆ ಇಟ್ಟು ಮುಚ್ಚಿದಳು. ಈಗ ಮಾತಾಡಬಹುದಾಗಿತ್ತು.

ಅಡುಗೆ ಮನೆಯಲ್ಲಿ ಸದಾಶಿವಯ್ಯ ಕಾಫಿ ಲೋಟವನ್ನು ಅವಳ ಕಡೆ ಸರಿಸಿ, ಏನು ಹೇಳುತ್ತಾಳೋ ಎಂದು ಸ್ವಲ್ಪ ಪಕ್ಕಕ್ಕೆ ನಿಂತಿದ್ದರು. "ಏನಂತೀಯ ಮತ್ತೆ, ಆ ಗೆರೆ ವಿಷಯ?" ಎಂದರು.

ಮಂಜುಳ ಒಂದು ಗುಟುಕು ಕುಡಿದಳು. ಸಕ್ಕರೆ ಜಾಸ್ತಿಯಾಗಿತ್ತು, ಅವರು ಯಾವತ್ತೂ ಹಾಗೆಯೇ ಹಾಕುತ್ತಿದ್ದರು.

"ಭಾನುವಾರ ಒಂದ್ಸಲ ಹಾರಿ ಬಂದ್ಮೇಲೆ ಹೇಳಿ, ತೆಗೆಸೋಣ," ಎಂದಳು. ಲೋಟವನ್ನು ಎಡಗೈಗೆ ಬದಲಾಯಿಸಿಕೊಂಡು ಹಿತ್ತಲಿನ ಕಲ್ಲಿನ ಕಡೆ ನಡೆದಳು. ಇನ್ನೂ ಅಂಚಿನ ಹತ್ತಿರವೇ ಇದ್ದ ಕಾಫಿ ಒಂದು ಹನಿಯೂ ತುಳುಕಲಿಲ್ಲ.